ಜ್ವರ ಬಂದು ಎಷ್ಟನೇ ದಿನ?

ಮಳೆಗಾಲ ಬಂತೆಂದರೆ ನಮ್ಮ ಲ್ಯಾಬಿನಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ರಾಜಾಜಿನಗರದ ಕಡೆ ಎಲ್ಲರ ಮನೆಯಲ್ಲೂ ಒಬ್ಬರಿಗಾದರೂ ಜ್ವರ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಅಂಥದ್ದೇ ಒಂದು ಬೆಳಿಗ್ಗೆ ಒಬ್ಬ ಅಕ್ಕ ಬಂದರು. ಹಿಂದಿನ ದಿನವಷ್ಟೇ ಜ್ವರ ಶುರುವಾಗಿತ್ತು. ಚೀಟಿಯಲ್ಲಿ ಡೆಂಗಿ ಐಜಿಎಂ ಅಂತ ಮಾತ್ರ ಇತ್ತು. ಟೆಸ್ಟ್ ಕಾರ್ಡಿಗೆ ಸೀರಮ್ (ರಕ್ತದ ತಿಳಿ) ಹಾಕಿದೆ, ಕಾರ್ಡು ಸರಿಯಿದೆ ಅಂತ ತೋರಿಸುವ ಕಂಟ್ರೋಲ್ ಗೆರೆ ಒಂದೇ ಮೂಡಿತು. ‘ಡೆಂಗಿ ಇಲ್ಲ ಅಕ್ಕ, ಆರಾಮಾಗಿರಿ’ ಅಂದುಬಿಟ್ಟೆ.

ನಾಲ್ಕು ದಿನ ಬಿಟ್ಟು ಅವರ ಯಜಮಾನರು ಕೈಹಿಡಿದು ಕರೆತಂದರು. ಪ್ಲೇಟ್‌ಲೆಟ್ 62 ಸಾವಿರ. ಅದೇ ಥರದ ಕಾರ್ಡು, ಈ ಸಲ ಐಜಿಎಂ ಗೆರೆ ಎದ್ದು ಕಾಣುತ್ತಿತ್ತು. ‘ಆವತ್ತು ಇಲ್ಲ ಅಂದ್ಯಲ್ಲಪ್ಪಾ?’ ಅಂದರು. ನನಗೆ ಬಾಯೇ ಬರಲಿಲ್ಲ.

ಕಾರ್ಡು ಸುಳ್ಳು ಹೇಳಿರಲಿಲ್ಲ. ಅದು ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ಮೈ ತಯಾರಿಸುವ ಐಜಿಎಂ ಎಂಬ ಪ್ರತಿಕಾಯವನ್ನು. ವೈರಸ್ ಹೊಕ್ಕ ಕೂಡಲೇ ಮೈ ಸುಮ್ನೆ ಕೂರುವುದಿಲ್ಲ ನಿಜ. ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನು ಬಿಡುತ್ತದೆ, ಜ್ವರ, ಮೈಕೈ ನೋವಿನಲ್ಲಿ ಅದರ ಪಾಲೂ ಇದೆ. ಆದರೆ ಪ್ರತಿಕಾಯದ್ದು ನಿಧಾನದ ಕೆಲಸ. ಡೆಂಡ್ರಿಟಿಕ್ ಕೋಶಗಳೆಂಬ ಕಾವಲುಗಾರರು ವೈರಸ್ಸಿನ ತುಣುಕನ್ನು ಲಿಂಫ್ ಗಂಟಿಗೆ ಒಯ್ದು ತೋರಿಸಬೇಕು. ಅಲ್ಲಿರುವ ರಾಶಿ ಲಿಂಫೋಸೈಟ್‌ಗಳಲ್ಲಿ (ಒಂದು ಬಗೆಯ ಬಿಳಿರಕ್ತಕಣ) ಈ ವೈರಸ್ಸಿಗೆ ಹೊಂದುವಂಥವು ತೀರಾ ಕಡಿಮೆ. ಅವು ಎರಡಾಗಿ, ನಾಲ್ಕಾಗಿ ಬೆಳೆದು ಐಜಿಎಂ ಕಾರ್ಡಿಗೆ ಸಿಗುವಷ್ಟಾಗುವ ಹೊತ್ತಿಗೆ ಜ್ವರದ 4-5ನೇ ದಿನ. ಮೊದಲ ದಿನದಿಂದಲೇ ಸಿಗುವುದು ವೈರಸ್ಸಿನದೇ ಪ್ರೋಟೀನು, ಎನ್‌ಎಸ್ 1. ಚೀಟಿಯಲ್ಲಿ ಅದನ್ನೂ ಬರೆಯಬಹುದಿತ್ತು, ಅದು ಬೇರೆ ಮಾತು. ‘ಇಲ್ಲ’ ಅಂದವನು ನಾನು. ರಿಪೋರ್ಟ್ ಕೊಡುವುದಷ್ಟೇ ನನ್ನ ಕೆಲಸ, ಅಲ್ವಾ?

ಅಕ್ಕನ ಎರಡನೇ ಸ್ಯಾಂಪಲಿನ ಸ್ಲೈಡನ್ನು ಲೀಶ್‌ಮನ್ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಲಿಂಫೋಸೈಟ್‌ಗಳು ಮಾಮೂಲಿಗಿಂತ ದಪ್ಪ. ಪಕ್ಕದ ಕೆಂಪುಕಣ ಒತ್ತಿದ ಕಡೆ ಒಳಕ್ಕೆ ಬಾಗಿಕೊಂಡಿದ್ದವು. ಸುತ್ತಲೂ ಸೀರೆಯ ಅಂಚಿನ ಹಾಗೆ ಕಡುನೀಲಿ. ಮೈ ಉತ್ತರ ಕೊಡುತ್ತಿದ್ದದ್ದು ಅಲ್ಲಿ ಕಣ್ಣೆದುರೇ ಇತ್ತು. ಎಷ್ಟೋ ಹೊತ್ತು ಲೆನ್ಸಿಂದ ಕಣ್ಣು ತೆಗೆಯಲಿಲ್ಲ.

ಆಮೇಲೆ ಫಾರಂ ಮೂಲೆಯಲ್ಲಿ ಕೆಂಪು ಪೆನ್ನಲ್ಲಿ ಬರೆಯುವ ಅಭ್ಯಾಸವಾಯಿತು: ‘ಜ್ವರ 2ನೇ ದಿನ’. ಮುಂಚೆ ಡೆಂಗಿ ಬಂದಿತ್ತಾ ಅಂತಲೂ ಕೇಳುತ್ತೇನೆ. ಬಂದಿದ್ದರೆ ಹಳೇ ನೆನಪಿನ ಕೋಶಗಳು ಐಜಿಜಿ ಎಂಬ ಇನ್ನೊಂದು ಪ್ರತಿಕಾಯವನ್ನು ಬೇಗ ಸುರಿಸುತ್ತವೆ, ಐಜಿಎಂ ಗೆರೆ ಮಸುಕಾಗಿಯೇ ಉಳಿಯಬಹುದು. ಡೆಂಗಿ ವೈರಸ್ಸಿನಲ್ಲಿ 4 ಬಗೆ. ಎರಡನೇ ಸಲ ಬೇರೆ ಬಗೆಯದ್ದು ತಗುಲಿದರೆ ಹಳೇ ಪ್ರತಿಕಾಯವೇ ಅದನ್ನು ಕೋಶದೊಳಗೆ ಬಿಟ್ಟುಕೊಳ್ಳುವುದೂ ಉಂಟು. ಕಾಯಿಲೆ ಜೋರಾಗುವ ಅಪಾಯ ಆಗಲೇ ಜಾಸ್ತಿ.

ಅಕ್ಕ ಹುಷಾರಾದರು. ಈಗಲೂ ಶುಗರ್ ಟೆಸ್ಟಿಗೆ ಬರುತ್ತಾರೆ. ನನ್ನನ್ನು ನೋಡಿ ನಗುತ್ತಾರೆ, ರಕ್ತ ಮಾತ್ರ ಪಕ್ಕದ ಹುಡುಗಿಯ ಹತ್ತಿರ ಕೊಡುತ್ತಾರೆ.