ತಪ್ಪು ಯಾರದು ಅಂತ ಕೇಳ್ತೀರಲ್ಲ

ಕೋಥರೂಡ್‌ನ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಏಳೆಂಟು ಜನ ಸೇರಿ ಸಿನಿಮಾ ನೋಡುತ್ತೇವೆ. ಎಲ್ಲರೂ ಪುಣೆಗೆ ಬಂದು ನೆಲೆಸಿದ ಕನ್ನಡದವರು. ಗಿರಮಿಟ್ ಇರುತ್ತದೆ, ಮಿರ್ಚಿ ಇರುತ್ತದೆ, ಸಿನಿಮಾಕ್ಕಿಂತ ಮಾತು ಜಾಸ್ತಿ ಇರುತ್ತದೆ. ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್‌ನ ‘ಆಟಮ್ ಸೊನಾಟಾ’ ಹಾಕಿದ ದಿನ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಸುಮ್ನೆ ಎದ್ದು ಚಪ್ಪಲಿ ಮೆಟ್ಟುತ್ತಾರೆ. ಲಿಫ್ಟ್ ಗುಂಡಿ ಒತ್ತಿದ ಮೇಲೆ ಒಬ್ಬರಾದರೂ ತಿರುಗಿ ಕೇಳುತ್ತಾರೆ: “ಅಲ್ಲ, ಕೊನೆಗೆ ತಪ್ಪು ಯಾರದು? ತಾಯಿಯದಾ, ಮಗಳದಾ?”

ಅಷ್ಟರಲ್ಲಿ ಲಿಫ್ಟ್ ಬರುತ್ತದೆ. ನನ್ನ ಉತ್ತರ ಅಲ್ಲೇ ಉಳಿಯುತ್ತದೆ. ಈ ಸಲ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ನೋಡದವರಿಗೆ ಕಥೆ ಇಷ್ಟು. 1978ರ ಸಿನಿಮಾ. ಷಾರ್ಲೊಟ್ ಹೆಸರಾಂತ ಪಿಯಾನೊ ವಾದಕಿ. ಜೀವನವೆಲ್ಲ ಊರೂರು ಕಛೇರಿ. ಮಗಳು ಎವಾ ಒಬ್ಬ ಪಾದ್ರಿಯ ಹೆಂಡತಿ, ನಾರ್ವೆಯ ಹಳ್ಳಿಯಲ್ಲಿ ಇದ್ದಾಳೆ. ಇಬ್ಬರೂ ಮುಖ ನೋಡಿ ಏಳು ವರ್ಷ. ತಾಯಿಯ ಸಂಗಾತಿ ತೀರಿಹೋದ ಸುದ್ದಿ ತಿಳಿದು, ಬಂದು ನಾಲ್ಕು ದಿನ ಇರು ಅಂತ ಎವಾ ಕಾಗದ ಬರೆಯುತ್ತಾಳೆ. ತಾಯಿ ಬರುತ್ತಾಳೆ. ಬಂದ ಮೇಲೆ ಗೊತ್ತಾಗುತ್ತದೆ, ತಾನು ಆಶ್ರಮಕ್ಕೆ ಸೇರಿಸಿದ್ದ ಇನ್ನೊಬ್ಬ ಮಗಳು, ಕಾಯಿಲೆಯ ಹೆಲೆನಾ, ಈಗ ಇದೇ ಮನೆಯಲ್ಲಿದ್ದಾಳೆ ಅಂತ. ತಾಯಿಗೆ ಸಿಡಿಮಿಡಿ. ಊಟಕ್ಕೆ ಕೆಂಪು ಗೌನು ತೊಟ್ಟು ಇಳಿದು ಬರುತ್ತಾಳೆ.

ಈ ಸಿನಿಮಾ ನಾನು ಮೊದಲು ನೋಡಿದ್ದು ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್ ಥಿಯೇಟರಿನಲ್ಲಿ, ಪುಣೆಗೆ ಬಂದ ಹೊಸದರಲ್ಲಿ. ಆಗ ಯಾರಾದರೂ ಕೇಳಿದ್ದರೆ ಕಣ್ಣು ಮುಚ್ಚಿ ತಾಯಿಯದೇ ತಪ್ಪು ಅನ್ನುತ್ತಿದ್ದೆ. ಮಧ್ಯರಾತ್ರಿ ಎವಾ ಲೆಕ್ಕ ಒಪ್ಪಿಸುತ್ತಾಳಲ್ಲ, ಒಂದೊಂದಾಗಿ? ಅದರಲ್ಲಿ ಒಂದು ಮಾತಿದೆ. ಅಮ್ಮ ಬಾಗಿಲು ಮುಚ್ಚಿಕೊಂಡು ಅಭ್ಯಾಸ ಮಾಡುತ್ತಿದ್ದರೆ ಪುಟ್ಟ ಎವಾ ಹೊರಗೆ ನಿಂತು ಕೇಳುತ್ತಾ ಇರುತ್ತಾಳೆ. ಒಳಗೆ ಪಿಯಾನೊ ನಿಂತಾಗ, ಕಾಫಿಯ ಹೊತ್ತಿಗೆ, ಒಳಗೆ ಹೋಗುತ್ತಾಳೆ. ಆ ಬಾಗಿಲು ನನಗೆ ಗೊತ್ತಿತ್ತು. ಧಾರವಾಡದಲ್ಲಿ ಅವ್ವ ಸಾಲಿ ಮುಗಿಸಿ ಬಂದು ಒಳಗಿನ ಕೋಣೆಯಲ್ಲಿ ಗಣಿತದ ಟ್ಯೂಷನ್ ತೆಗೆದುಕೊಳ್ಳುತ್ತಿದ್ದಳು. ಹತ್ತನೇ ಇಯತ್ತೆಯ ಹುಡುಗರಿಗೆ. ಮುಗಿಯುವ ತನಕ ನಾನು ಹೊರಗೆ. ಬೇರೆಯವರ ಮಕ್ಕಳಿಗೆ ಅವಳ ದನಿ ಎಷ್ಟು ಸಮಾಧಾನದ್ದು ಅಂತ ಬಾಗಿಲಿಗೆ ಕಿವಿ ಹಚ್ಚಿ ಕೇಳುತ್ತಿದ್ದೆ.

ಆದರೆ ಈಗ ನೋಡುವಾಗ ನಾನು ಕಾಯುವುದು ಮಧ್ಯರಾತ್ರಿಯ ಜಗಳಕ್ಕಲ್ಲ. ಅದಕ್ಕೂ ಮುಂಚಿನ ಪಿಯಾನೊ ದೃಶ್ಯಕ್ಕೆ.

ಪೋಲಂಡಿನ ಸಂಗೀತಕಾರ ಷೋಪ್ಯಾನ ಒಂದು ಪ್ರಿಲ್ಯೂಡ್, ಎರಡು ನಿಮಿಷದ ಪಿಯಾನೊ ತುಣುಕು. ಎವಾ ತಡವರಿಸುತ್ತಾ ನುಡಿಸುತ್ತಾಳೆ. ಹೇಗಿತ್ತು ಅಂತ ಕೇಳುತ್ತಾಳೆ. ತಾಯಿ ಜಾರಿಕೊಳ್ಳಲು ನೋಡುತ್ತಾಳೆ. ಏನೋ ಒಂದು ಪ್ರೀತಿಯ ಮಾತು ಆಡುತ್ತಾಳೆ. ಮಗಳು ಬಿಡುವುದಿಲ್ಲ, ನೀನು ಇದನ್ನು ಹೇಗೆ ನೋಡುತ್ತೀ ಹೇಳು ಅನ್ನುತ್ತಾಳೆ. ಆಗ ತಾಯಿ ಪಕ್ಕದಲ್ಲಿ ಕೂತು ಹೇಳುತ್ತಾಳೆ: ಇದರಲ್ಲಿ ನೋವಿದೆ, ಗೋಳಾಟ ಇಲ್ಲ. ನೋವನ್ನು ಹಲ್ಲು ಕಚ್ಚಿ ಹಿಡಿಯಬೇಕು. ಆಮೇಲೆ ಅದನ್ನೇ ನುಡಿಸಿ ತೋರಿಸುತ್ತಾಳೆ. ಕ್ಯಾಮೆರಾ ಆಗ ಎವಾಳ ಮುಖ ಬಿಟ್ಟು ಕದಲುವುದಿಲ್ಲ. ಅವಳು ತಾಯಿಯ ಕೈ ನೋಡುತ್ತಾಳೆ, ಆಮೇಲೆ ತಾಯಿಯ ಮುಖ ನೋಡುತ್ತಾಳೆ. ಇಷ್ಟೇ. ತಾಯಿ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಲ್ಲ. ಎಲ್ಲ ಸರಿ. ಅಷ್ಟೂ ಸರಿ ಇರುವುದೇ ಎದೆಗೆ ನಾಟುತ್ತದೆ.

(ಮಗಳ ತಡವರಿಕೆ, ತಾಯಿಯ ಹಿಡಿತ ಎರಡನ್ನೂ ನಿಜದಲ್ಲಿ ನುಡಿಸಿದವಳು ಒಬ್ಬಳೇ: ಕೇಬಿ ಲಾರೆಟೈ, ನಿರ್ದೇಶಕನ ಮಾಜಿ ಹೆಂಡತಿ.)

ನಮ್ಮ ಮನೆಯ ಪ್ರಿಲ್ಯೂಡ್ ಜೋಳದ ರೊಟ್ಟಿ. ಅವ್ವ ಧಾರವಾಡದಿಂದ ಬಂದಾಗೆಲ್ಲ ನಾನೇ ಮುಂದೆ ಬಿದ್ದು ಮಾಡುತ್ತೇನೆ. ಕುದಿಯುವ ನೀರು ಹಾಕಿ ಹಿಟ್ಟು ಕಲಸಿ, ಕೈ ಸುಡುವಾಗಲೇ ನಾದಿ, ಕಟ್ಟೆಯ ಮೇಲೆ ಬಡಿಯುತ್ತೇನೆ. ಪಕ್ಕದ ಮನೆಯ ಕಾಕೂ ಬಂದರೆ ಭಾಕರಿ ಎಷ್ಟು ದುಂಡಗಾಗಿದೆ ಅನ್ನುತ್ತಾರೆ. ಅವ್ವ ಬಾಗಿಲಿಗೆ ಆತು ನಿಂತು ನೋಡುತ್ತಾಳೆ, ಏನೂ ಅನ್ನುವುದಿಲ್ಲ. ಬಾಯಿ ಮುಚ್ಚಿಕೊಂಡು ಇರಬೇಕಾದವಳು ನಾನು. ಇರುವುದಿಲ್ಲ.

“ಹೆಂಗ ಆಗ್ಯಾವ?”

“ಛಲೋ ಆಗ್ಯಾವಲಾ.”

“ಖರೇ ಹೇಳು.”

“ಅಂಚು ದಪ್ಪ ಬಿಟ್ಟೀದಿ. ಕೊಡಿಲ್ಲೆ.”

ಆಮೇಲೆ ಅವಳ ಅಂಗೈ ಬೀಳುವ ಸದ್ದು. ನನ್ನದು ಪಟ್ ಪಟ್ ಅಂತ ಕೇಳಿದರೆ ಅವಳದು ಒಂದೇ ತಾಳ. ರೊಟ್ಟಿ ತನ್ನಷ್ಟಕ್ಕೇ ತಿರುಗುತ್ತದೆ, ಅಂಚು ತೆಳ್ಳಗೆ ಹಬ್ಬುತ್ತದೆ. ಹಂಚಿಗೆ ಹಾಕಿ ಒದ್ದೆ ಬಟ್ಟೆಯಲ್ಲಿ ಒಂದೇ ಸಲ ಸವರುತ್ತಾಳೆ. ನಾನು ಹಿಟ್ಟಿನ ಕೈ ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತೇನೆ. ನನಗೆ ನಲವತ್ತಾರು ವರ್ಷ.

ನಾನು ರೊಟ್ಟಿಯ ಬಗ್ಗೆ ಕೇಳಿರಲಿಲ್ಲ. ಎವಾ ಷೋಪ್ಯಾನ ಬಗ್ಗೆ ಕೇಳಿರಲಿಲ್ಲ. ಆದರೆ ಬಾಯಿಂದ ಬಂದದ್ದು ಅದೇ ಪ್ರಶ್ನೆ ತಾನೇ? ಆ ಕಡೆಯವರು ಕೇಳಿದ್ದಕ್ಕೆ ಉತ್ತರ ಕೊಟ್ಟರು. ಹಾಗಾಗಿ ಆ ದೃಶ್ಯದ ಮಟ್ಟಿಗೆ, ಬೈಯಬೇಡಿ, ಹಟ ಹಿಡಿದು ಏಟು ಬೇಡಿ ತಿಂದವಳು ಮಗಳು ಅಂತಲೇ ನನ್ನ ಅನಿಸಿಕೆ. ಹಾಗಂತ ತಾಯಿಗೆ ಮಾಫಿ ಇಲ್ಲ. ಹೆಲೆನಾ ವಿಷಯದಲ್ಲಂತೂ ಎಳ್ಳಷ್ಟೂ ಇಲ್ಲ. ಕೊನೆಗೆ ರೈಲಿನಲ್ಲಿ ಹೋಗುತ್ತಾ, ಅವಳಿಗೆ ಸಾವಾದರೂ ಬರಬಾರದೇ ಅನ್ನುತ್ತಾಳೆ, ಹೆತ್ತ ಮಗಳ ಬಗ್ಗೆ. ಅಲ್ಲಿ ನಾನು ಯಾವ ಚೌಕಾಶಿಗೂ ಬರುವುದಿಲ್ಲ.

“ಕಛೇರಿ ಮಾಡಿದ್ದೇ ತಪ್ಪಾ? ಗಂಡಸಾಗಿದ್ದರೆ ಕೇಳುತ್ತಿದ್ದರಾ?” ಅಂತ ನಮ್ಮಲ್ಲೇ ಒಬ್ಬರು ರೇಗಿದ್ದರು. ಒಳ್ಳೆಯ ಪ್ರಶ್ನೆ. ತಾಯಿಯ ಪಾತ್ರ ಮಾಡಿದ ಇಂಗ್ರಿಡ್ ಬರ್ಗ್‌ಮನ್‌ಗೂ ಚಿತ್ರಕಥೆಯ ಮೇಲೆ ಸಿಟ್ಟಿತ್ತು. ಯಾವ ತಾಯಿ ಏಳು ವರ್ಷ ಮಗಳ ಮುಖ ನೋಡದೆ ಇರುತ್ತಾಳೆ ಅಂತ ನಿರ್ದೇಶಕನ ಜೊತೆ ವಾದಕ್ಕಿಳಿದಿದ್ದಳು. ಅದೇ ಇಂಗ್ರಿಡ್ 1949ರಲ್ಲಿ ಅಲ್ಲಿನ ನಿರ್ದೇಶಕ ರೊಸೆಲಿನಿಗಾಗಿ ಇಟಲಿಗೆ ಹೋದಾಗ ಹತ್ತು ವರ್ಷದ ಮಗಳು ಪಿಯಾ ಅಮೆರಿಕದಲ್ಲಿ ಉಳಿದಿದ್ದಳು. ಇನ್ನು ಎವಾಳ ಬಾಲ್ಯದ ದೃಶ್ಯಗಳಲ್ಲಿ ಕಾಣುವ ಹುಡುಗಿ ಲಿನ್. ಎವಾ ಪಾತ್ರ ಮಾಡಿದ ಲಿವ್ ಉಲ್‌ಮನ್‌ಗೂ ನಿರ್ದೇಶಕನಿಗೂ ಹುಟ್ಟಿದ ಮಗಳು. ಆ ಸೆಟ್ಟಿನಲ್ಲಿ ತಪ್ಪು ಯಾರದು ಅಂತ ಯಾರು ಯಾರನ್ನು ಕೇಳಬೇಕಿತ್ತೋ!

ನಮ್ಮ ದೇಶದ್ದು ಬೇಕು ಅನ್ನುವವರಿಗೆ ಋತುಪರ್ಣೊ ಘೋಷ್‌ರ ಬಂಗಾಳಿ ಸಿನಿಮಾ ‘ಉನಿಶೆ ಎಪ್ರಿಲ್’ ಹೇಳುತ್ತೇನೆ. ಅಲ್ಲಿ ತಾಯಿ ನರ್ತಕಿ, ಮಗಳು ಡಾಕ್ಟರ್. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿದೆ. ಅದರಲ್ಲಿ ಉಸಿರಾಡಲು ಒಂದಿಷ್ಟು ಜಾಗ ಜಾಸ್ತಿ ಇದೆ.

ಹೋದ ದೀಪಾವಳಿಗೆ ಬಂದಾಗ ಅವ್ವನ ಜೊತೆ ಕೂತು ‘ಆಟಮ್ ಸೊನಾಟಾ’ ನೋಡಿದೆ. ಲ್ಯಾಪ್‌ಟಾಪಿನಲ್ಲಿ. ಅಡಿಬರಹ ಓದಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಬೇಕಂತಲೇ ಹಾಕಿದೆಯಾ ಅಂತ ಕೇಳಿದರೆ, ಹೌದು. ಕೆಂಪು ಗೌನು ಬಂದಾಗ ಅವ್ವ, “ಬಣ್ಣ ಛಲೋ ಒಪ್ಪತದ ಅಕಿಗೆ” ಅಂದಳು. ಪಿಯಾನೊ ದೃಶ್ಯದಲ್ಲಿ, “ಸರಿನ ಹೇಳ್ಯಾಳಲಾ” ಅಂದಳು. ನಾನು ಸುಮ್ಮನಿದ್ದೆ. ಮಧ್ಯರಾತ್ರಿಯ ಜಗಳಕ್ಕೆ ಏನೂ ಅನ್ನಲಿಲ್ಲ. ಸಿನಿಮಾ ಮುಗಿಯಿತು. ಎದ್ದು ನೀರು ಕುಡಿದು ಮಲಗಲು ಹೋದಳು.

ದೀಪ ಆರಿಸಿ ನಾನೂ ಮಲಗಿದ ಮೇಲೆ ಕತ್ತಲಲ್ಲಿ ಕೇಳಿದಳು.

“ಆ ಹುಡುಗಿ ಬಾಗಲಾ ಹೊರಗ ನಿಂತಿರ್ತಿತ್ತಲ್ಲ.”

“ಹ್ಞೂಂ.”

“ನೀ ಎಷ್ಟೊತ್ತ ನಿಂತಿರ್ತಿದ್ದಿ?”

“ಗೊತ್ತಿಲ್ಲ,” ಅಂದೆ. “ಗಡಿಯಾರ ಒಳಗಿತ್ತು.”