ಕೋಲ್ನ್ ಸಂತೇಲಿ ಸಿಕ್ಕ ಬೆಂಗಳೂರು

ಇಲ್ಲಿ ಜರ್ಮನಿಯಲ್ಲಿ ಭಾನುವಾರ ಅಂದ್ರೆ ಅಂಗಡಿ ಎಲ್ಲಾ ಬಂದ್, ಹಾಲು ಮೊಸರು ಬೇಕಂದ್ರೂ ಶನಿವಾರವೇ ತಂದಿಟ್ಕೋಬೇಕು. ಆವತ್ತು ಜನ ಸೇರೋದು ಹಳೇ ಸಾಮಾನಿನ ಸಂತೇಲಿ, ಇಲ್ಲಿಯವ್ರು ಅದನ್ನ ಫ್ಲೋಮಾರ್ಕ್ಟ್ ಅಂತಾರೆ. ಮನೇಲಿರೋ ಹಳೇ ತಟ್ಟೆ ಲೋಟ, ಕೋಟು, ಮಕ್ಕಳ ಆಟಿಕೆ, ಅಜ್ಜಿ ಕಾಲದ ಗಡಿಯಾರ ಎಲ್ಲಾ ಮೇಜಿನ ಮೇಲೆ ಹರಡ್ಕೊಂಡು ಕೂತಿರ್ತಾರೆ. ನಾನು ಕೋಲ್ನ್‌ಗೆ ಬಂದ ಮೊದಲನೇ ಚಳಿಗಾಲ, ನಾಲ್ಕೂವರೆಗೆಲ್ಲಾ ಕತ್ತಲಾಗ್ತಿತ್ತು, ಮನೇಲಿ ಒಬ್ಬಳೇ ಕೂರೋಕೆ ಆಗ್ದೆ ಪ್ರತಿ ಭಾನುವಾರ ಅಲ್ಲಿಗೆ ಹೋಗ್ತಿದ್ದೆ, ಏನೂ ತಗೊಳ್ಳೋಕಲ್ಲ, ಜನರ ಗಲಾಟೆ ಕೇಳೋಕೆ.

ಒಂದಿನ ಒಬ್ಬ ವಯಸ್ಸಾದವರ ಮೇಜಿನ ಮುಂದೆ ನಿಂತು ಗ್ರಾಮಫೋನ್ ರೆಕಾರ್ಡ್‌ಗಳ ಡಬ್ಬ ಸುಮ್ನೆ ತಿರುವಿ ಹಾಕ್ತಿದ್ದೆ. ಎಲ್ಲಾ ನಂಗೆ ಗೊತ್ತಿಲ್ಲದ ಹೆಸರುಗಳು. ಅದರ ಮಧ್ಯೆ ಒಂದು ಕವರ್ ಮೇಲೆ ‘ಕರ್ನಾಟಕ’ ಅಂತ ಅಚ್ಚಾಗಿದೆ! ಇಂಗ್ಲಿಷ್ ಅಕ್ಷರದಲ್ಲೇ, ಆದ್ರೂ ಕಣ್ಣಿಗೆ ಕನ್ನಡದಲ್ಲೇ ಬಿತ್ತು ಅಂದ್ರೆ ನಂಬ್ತೀರಾ. ಅಮೆರಿಕದ ಸ್ಯಾಕ್ಸೋಫೋನ್ ಕಲಾವಿದ ಚಾರ್ಲಿ ಮರಿಯಾನೋ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ರೆಕಾರ್ಡಿನ ಹೆಸರು ‘ಜ್ಯೋತಿ’. ಆ ಅಜ್ಜ ನನ್ನ ಮುಖ ನೋಡಿ, “ಓ, ಯೋತಿ! ತುಂಬಾ ಒಳ್ಳೇದು ಅದು” ಅಂದ್ರು. ಜರ್ಮನ್ನರಿಗೆ ಆ ಮೊದಲನೇ ಅಕ್ಷರ ‘ಯ’ ಥರಾನೇ ಓದಿಸ್ಕೊಳ್ಳುತ್ತೆ, ಪಾಪ ಇಷ್ಟು ವರ್ಷ ಯೋತಿ ಅಂತಾನೇ ಕರ್ಕೊಂಡು ಬಂದಿದ್ರು. ಅದು ಜ್ಯೋತಿ, ದೀಪದ ಬೆಳಕು, ನಮ್ಮೂರಲ್ಲಿ ಹೆಣ್ಮಕ್ಕಳಿಗೆ ಇಡೋ ಹೆಸರು ಅಂತ ನನ್ನ ಹರಕು ಮುರುಕು ಜರ್ಮನ್‌ನಲ್ಲಿ ಹೇಳ್ದೆ. ಎರಡು ಮೂರು ಸಲ ಹೇಳಿ ಹೇಳಿ ಸರಿ ಮಾಡ್ಕೊಂಡ್ರು. 6 ಯೂರೋ ಕೊಟ್ಟೆ. ಆಗ ನನ್ನ ಹತ್ರ ಪ್ಲೇಯರ್ರೇ ಇರ್ಲಿಲ್ಲ, ಅದನ್ನ ತಗೊಳ್ಳೋಕೆ ಇನ್ನೂ ಎರಡು ತಿಂಗಳು ಬೇಕಾಯ್ತು, ಅಲ್ಲೀವರೆಗೂ ಆ ಕವರ್ ಅಡುಗೆಮನೆ ಕಿಟಕಿ ಹತ್ರ ನಿಲ್ಲಿಸಿಟ್ಟಿದ್ದೆ.

ಮೊದಲ ಸಲ ಹಾಕಿದ್ದು ಒಂದು ರಾತ್ರಿ. ಇಲ್ಲಿ ರಾತ್ರಿ 10 ಆದ್ಮೇಲೆ ಸದ್ದು ಮಾಡೋ ಹಾಗಿಲ್ಲ, ಹಾಗಾಗಿ ವಾಲ್ಯೂಮ್ ತಗ್ಗಿಸಿ ಸ್ಪೀಕರ್‌ಗೆ ಕಿವಿ ಹತ್ರ ಇಟ್ಕೊಂಡು ಕೂತೆ. ಸ್ಯಾಕ್ಸೋಫೋನ್ ಬರುತ್ತೆ ಅಂತ ಕಾಯ್ತಿದ್ರೆ ಬಂದಿದ್ದು ಒಂದು ಹೆಣ್ಣಿನ ದನಿ. ಆರ್.ಎ. ರಮಾಮಣಿ. ಬರೀ ದನಿ. ಮನೇಲಿ ಅಮ್ಮ ಬೆಳಗ್ಗೆ ದೇವರ ಮುಂದೆ ನಿಂತು ಹಾಡ್ಕೊಳ್ತಾರಲ್ಲ, ಯಾರಿಗೂ ಕೇಳಿಸೋಕಲ್ಲದ ದನಿ, ಅಷ್ಟು ಹತ್ರದ್ದು. ಆಮೇಲೆ ನಿಧಾನಕ್ಕೆ ಸ್ಯಾಕ್ಸ್ ಸೇರ್ಕೊಳ್ಳುತ್ತೆ, ಅದು ಮೇಲೆ ಏರೋಕೆ ಹೋಗಲ್ಲ, ಅವ್ರ ಪಕ್ಕದಲ್ಲಿ ನಡೆಯುತ್ತೆ. ಮೃದಂಗ ಟಿ.ಎ.ಎಸ್. ಮಣಿ, ಘಟ ಆರ್.ಎ. ರಾಜಗೋಪಾಲ್, ಖಂಜೀರ ಟಿ.ಎನ್. ಶಶಿಕುಮಾರ್. ಎಲ್ಲಾ ನಮ್ಮ ಬೆಂಗಳೂರಿನವ್ರು. ಕೊನ್ನಕ್ಕೋಲು ಶುರುವಾಗಿ ತಕದಿಮಿ ತಕಝಣು ಅಂತ ಬಾಯಲ್ಲಿ ಸೊಲ್ಲು ಬಂದಾಗ ನನ್ನ ಕೈ ತಾನಾಗೇ ತೊಡೆ ಮೇಲೆ ತಾಳ ಹಾಕೋಕೆ ಹೊರಟಿತ್ತು, ಹದಿನೈದು ವರ್ಷದಿಂದ ಹಾಕದೇ ಇದ್ದ ತಾಳ.

ಆಮೇಲೆ ಒಂದೊಂದೇ ವಿಷಯ ಹುಡುಕ್ತಾ ಹೋದೆ. ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಅನ್ನೋದು ಟಿ.ಎ.ಎಸ್. ಮಣಿ ಅವ್ರು 1964ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ಲಯವಾದ್ಯಗಳ ಶಾಲೆ. ರಮಾಮಣಿ ಅವ್ರ ಹೆಂಡತಿ. ‘ಜ್ಯೋತಿ’ಲಿರೋ ರಚನೆಗಳೆಲ್ಲಾ ರಮಾಮಣಿ ಅವ್ರವೇ, ವಂದನಂ, ವರ್ಷಿಣಿ, ಸಪ್ತರ್ಷಿ ಅಂತ ಹೆಸರುಗಳು. ರೆಕಾರ್ಡ್ ಆಗಿದ್ದು 1983ರಲ್ಲಿ, ಸ್ಟುಟ್‌ಗಾರ್ಟ್ ಪಕ್ಕದ ಲುಡ್‌ವಿಗ್ಸ್‌ಬರ್ಗ್ ಅನ್ನೋ ಊರಿನ ಸ್ಟುಡಿಯೋದಲ್ಲಿ, ಹೊರತಂದಿದ್ದು ಮ್ಯೂನಿಕ್‌ನ ಇಸಿಎಂ ಕಂಪನಿ. ಜಾಝ್ ಕೇಳೋರಿಗೆ ಇಸಿಎಂ ಅಂದ್ರೆ ಏನು ಅಂತ ಗೊತ್ತು, ಮಾನ್‌ಫ್ರೆಡ್ ಐಶರ್ 1969ರಲ್ಲಿ ಕಟ್ಟಿದ್ದು, ಅವ್ರ ರೆಕಾರ್ಡ್‌ನಲ್ಲಿ ಸದ್ದಿನ ಸುತ್ತ ಇರೋ ಮೌನಾನೂ ಕೇಳಿಸುತ್ತೆ. ಆ ಮೌನದ ಮಧ್ಯೆ ನಮ್ಮ ಘಟದ ಒಂದು ಪೆಟ್ಟು ಬಿದ್ರೆ ಹೇಗಿರುತ್ತೆ ಅಂತ ಕೇಳೇ ನೋಡ್ಬೇಕು.

ಇನ್ನು ಚಾರ್ಲಿ ಮರಿಯಾನೋ. ಇವ್ರ ಬಗ್ಗೆ ನಂಗೆ ಹೇಳಿದಷ್ಟೂ ಸಾಲಲ್ಲ. 1923ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಇಟಲಿಯಿಂದ ವಲಸೆ ಬಂದ ಮನೆಯಲ್ಲಿ ಹುಟ್ಟಿದವ್ರು. ನುಡಿಸ್ತಿದ್ದಿದ್ದು ಆಲ್ಟೋ ಸ್ಯಾಕ್ಸ್, ಅಂದ್ರೆ ಸ್ಯಾಕ್ಸೋಫೋನಿನ ಒಂದು ಬಗೆ. ಸ್ಟಾನ್ ಕೆಂಟನ್ ಅವ್ರ ದೊಡ್ಡ ಬ್ಯಾಂಡಲ್ಲಿ ನುಡಿಸಿದ್ರು, ಜಪಾನಿನ ಪಿಯಾನೋ ಕಲಾವಿದೆ ತೋಶಿಕೋ ಅಕಿಯೋಶಿ ಅವ್ರನ್ನ ಮದುವೆ ಆಗಿದ್ರು, ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಮಾಡಿದ್ರು. 1963ರಲ್ಲಿ ಅಮೆರಿಕದ ಜಾಝ್ ಸಂಗೀತ ಸಂಯೋಜಕ ಚಾರ್ಲ್ಸ್ ಮಿಂಗಸ್ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಅನ್ನೋ ಆಲ್ಬಮ್ ಮಾಡಿದಾಗ ಅದರ ಆಲ್ಟೋ ಸ್ಯಾಕ್ಸ್ ಇವ್ರದ್ದು. ಹನ್ನೊಂದು ಜನರ ತಂಡ, ಹಿತ್ತಾಳೆ ವಾದ್ಯಗಳು ಜಾತ್ರೆ ಗದ್ದಲದ ಥರ ಕೂಗ್ತಿರುತ್ವೆ, ಅದರೊಳಗಿಂದ ಈ ಒಂದು ಸ್ಯಾಕ್ಸ್ ಅಳುತ್ತೆ. ಬೇರೆ ಪದ ಇಲ್ಲ ಅದಕ್ಕೆ, ಅಳುತ್ತೆ. ಮಿಂಗಸ್‌ಗೆ ಅದು ಎಷ್ಟು ಬೇಕಾಗಿತ್ತು ಅಂದ್ರೆ ತಂಡದ ರೆಕಾರ್ಡಿಂಗ್ ಮುಗಿದ ಮೇಲೆ ಮರಿಯಾನೋ ಕೈಲಿ ಮತ್ತೆ ನುಡಿಸಿ ಅದರ ಮೇಲೆ ಸೇರಿಸಿದ್ರು. ಜಾಝ್ ಹೊಸದಾಗಿ ಕೇಳೋರಿಗೆ ಮೊದಲು ಇದನ್ನ ಕೇಳಿ ಅಂತ ನಾನು ಹೇಳಲ್ಲ, ಸ್ವಲ್ಪ ಭಾರ ಆಗ್ಬಹುದು. ಆದ್ರೆ ಒಂದು ವರ್ಷ ಬಿಟ್ಟು ಕೇಳಿ, ಖಂಡಿತಾ ಕೇಳಿ.

ಅರವತ್ತರ ದಶಕದಲ್ಲಿ ಅಮೆರಿಕ ಸರ್ಕಾರದ ಕಡೆಯಿಂದ ಮರಿಯಾನೋ ಮಲೇಷ್ಯಾಗೆ ಅಲ್ಲಿನ ರೇಡಿಯೋ ವಾದ್ಯಗೋಷ್ಠಿಗೆ ಕಲಿಸೋಕೆ ಅಂತ ಹೋದ್ರು, ಅಲ್ಲಿ ತಮಿಳರ ನಾಗಸ್ವರ ಕಿವಿಗೆ ಬಿತ್ತು. ನಲವತ್ತು ದಾಟಿದ್ದ, ದೊಡ್ಡ ದೊಡ್ಡವರ ಜೊತೆ ನುಡಿಸಿ ಹೆಸರು ಮಾಡಿದ್ದ ಮನುಷ್ಯ, ಅಲ್ಲಿ ಮತ್ತೆ ಶಿಷ್ಯನಾಗಿ ಕೂತು ನಾಗಸ್ವರ ಕಲಿಯೋಕೆ ಶುರು ಮಾಡಿದ್ರು. ಆಮೇಲೆ ದಕ್ಷಿಣ ಭಾರತಕ್ಕೂ ಬಂದು ಕಲಿತ್ರು. ನಾಗಸ್ವರ ಗೊತ್ತಲ್ಲ, ಮದುವೆ ಮನೇಲಿ ವಾಲಗದವ್ರ ಕೆನ್ನೆ ಊದಿಕೊಳ್ಳೋದು ನೋಡಿದ್ರೇ ತಿಳಿಯುತ್ತೆ ಅದಕ್ಕೆ ಎಷ್ಟು ಉಸಿರು ಬೇಕು ಅಂತ. ನಾವು ಚಿಕ್ಕೋರಿದ್ದಾಗ ಗಟ್ಟಿಮೇಳ ಅಂದ ತಕ್ಷಣ ಅಕ್ಷತೆ ಹಾಕಿ ಊಟದ ಮನೆಗೆ ಓಡ್ತಿದ್ವಿ, ಅದನ್ನ ಊದ್ತಿದ್ದವ್ರ ಮುಖ ಒಂದ್ಸಲಾನೂ ನಾನು ಸರಿಯಾಗಿ ನೋಡ್ಲಿಲ್ವಲ್ಲ ಅಂತ ಈಗ ಸಂಕಟ ಆಗುತ್ತೆ.

ಎಪ್ಪತ್ತರ ದಶಕದಲ್ಲಿ ಮರಿಯಾನೋ ಯೂರೋಪಿಗೆ ಬಂದ್ರು, ಕೊನೆಗೆ ನೆಲೆ ನಿಂತಿದ್ದು ಇದೇ ಕೋಲ್ನ್‌ನಲ್ಲಿ. ಇಲ್ಲೇ 2009ರ ಜೂನ್ 16ರಂದು 85ನೇ ವಯಸ್ಸಲ್ಲಿ ತೀರ್ಕೊಂಡ್ರು. ನಾನು ಬರೋ ಎಷ್ಟೋ ವರ್ಷ ಮುಂಚೆ. ರೆಕಾರ್ಡ್ ಮಾರಿದ ಆ ಅಜ್ಜ ಅವ್ರನ್ನ ಇಲ್ಲಿನ ಸಣ್ಣ ಸಣ್ಣ ಹಾಲ್‌ಗಳಲ್ಲಿ ಎಷ್ಟೋ ಸಲ ಕೇಳಿದ್ರಂತೆ. ಬಿಳಿ ಕೂದಲು ಬೆನ್ನಿಗೆ ಇಳಿಬಿಟ್ಟು, ಕಣ್ಣು ಮುಚ್ಚಿ, ಒಂದೇ ಒಂದು ಸ್ವರ ಹಿಡ್ಕೊಂಡು ನಿಂತ್ರೆ ಹಾಲ್‌ನಲ್ಲಿ ಯಾರೂ ಗ್ಲಾಸ್ ಕೂಡ ಎತ್ತುತ್ತಿರ್ಲಿಲ್ಲ ಅಂತ ಹೇಳಿದ್ರು.

ಬೆಂಗಳೂರಿನ ಲಯದವ್ರಿಗೂ ಜರ್ಮನಿಗೂ ನಂಟು ಇದೊಂದೇ ಅಲ್ಲ. 1978ರಲ್ಲಿ ಮ್ಯೂನಿಕ್‌ನ ಎಂಬ್ರಿಯೋ ಅನ್ನೋ ಬ್ಯಾಂಡಿನವ್ರು ಬಸ್ಸಲ್ಲಿ ರಸ್ತೆ ಹಿಡ್ಕೊಂಡು ಭಾರತದವರೆಗೂ ಬಂದ್ರು, ಅವ್ರೂ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ನುಡಿಸಿ ಆಲ್ಬಮ್ ಮಾಡಿದ್ದಾರೆ. ಇಷ್ಟೆಲ್ಲಾ ಆಗಿದೆ, ಬೆಂಗಳೂರಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಾಗೋಕೆ ಕೋಲ್ನ್ ಸಂತೆ ಬೇಕಾಯ್ತು. ನಮ್ಮ ಪೇಪರ್‌ಗಳಲ್ಲಿ, ಟಿವಿಲಿ ಇವ್ರ ಬಗ್ಗೆ ಇನ್ನೂ ಜಾಸ್ತಿ ಬರ್ಬೇಕಿತ್ತು, ಇದು ನನ್ನ ನಿಜವಾದ ಬೇಜಾರು.

ಕೋಲ್ನ್ ಅಂದ ಮೇಲೆ ಇನ್ನೊಂದು ರೆಕಾರ್ಡ್ ಹೇಳ್ಲೇಬೇಕು. ನಾನು ಟ್ರಾಮ್ ಬದಲಾಯಿಸೋ ಜಾಗದಿಂದ ಸ್ವಲ್ಪ ದೂರದಲ್ಲೇ ಇಲ್ಲಿನ ಅಪೆರಾ ಹೌಸ್ ಇದೆ, 2012ರಲ್ಲಿ ರಿಪೇರಿಗೆ ಅಂತ ಮುಚ್ಚಿದ್ದು ವರ್ಷಗಟ್ಟಲೆ ಎಳೀತು. 1975ರ ಜನವರಿ 24ರ ರಾತ್ರಿ ಅಲ್ಲಿ ಅಮೆರಿಕದ ಜಾಝ್ ಪಿಯಾನೋ ಕಲಾವಿದ ಕೀತ್ ಜ್ಯಾರೆಟ್ ಒಬ್ಬರೇ ಕೂತು ಪಿಯಾನೋ ನುಡಿಸಿದ್ರು. ಕಚೇರಿ ಏರ್ಪಾಡು ಮಾಡಿದ್ದು ವೆರಾ ಬ್ರಾಂಡೆಸ್ ಅನ್ನೋ 18 ವರ್ಷದ ಹುಡುಗಿ! ಆವತ್ತು ಅಲ್ಲಿ ಅಪೆರಾ ಇತ್ತು, ಅದು ಮುಗಿದ ಮೇಲೆ ಅಂದ್ರೆ ರಾತ್ರಿ ಹನ್ನೊಂದೂವರೆ ಹೊತ್ತಿಗೆ ಇದು. ಜ್ಯಾರೆಟ್ ಕೇಳಿದ್ದ ದೊಡ್ಡ ಪಿಯಾನೋ ಬದಲು ವೇದಿಕೆ ಮೇಲೆ ಸಣ್ಣದೊಂದು ಹಳೇ ಪಿಯಾನೋ, ಶ್ರುತಿ ಇಲ್ಲ, ಮೇಲಿನ ಸ್ವರಗಳು ತಗಡಿನ ಥರ, ಕೆಳಗಿನ ಸ್ವರಕ್ಕೆ ತೂಕ ಇಲ್ಲ, ಪೆಡಲ್ ಸರಿಯಿಲ್ಲ. ಜ್ಯಾರೆಟ್‌ಗೆ ಬೆನ್ನುನೋವು ಬೇರೆ, ಕಾರಲ್ಲಿ ಅಷ್ಟು ದೂರ ಬಂದು ಸುಸ್ತಾಗಿದ್ರು, ನುಡಿಸಲ್ಲ ಅಂದುಬಿಟ್ರು. ಆ ಹುಡುಗಿ ಬೇಡ್ಕೊಂಡ ಮೇಲೆ ಒಪ್ಪಿದ್ರು. ಶ್ರುತಿ ಮಾಡೋರು ಬಂದು ಆದಷ್ಟು ಸರಿ ಮಾಡಿದ್ರು. ಜ್ಯಾರೆಟ್ ಮಧ್ಯದ ಸ್ವರಗಳಲ್ಲೇ ನಿಂತು, ಎಡಗೈಲಿ ಒಂದೇ ಥರದ ಓಟ ಮತ್ತೆ ಮತ್ತೆ ತಿರುಗಿಸ್ತಾ, ಎರಡೇ ಎರಡು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಮೇಲೆ ನಿಮಿಷಗಟ್ಟಲೆ ಕಟ್ತಾ ಹೋದ್ರು. ಅದೇ ‘ದಿ ಕೋಲ್ನ್ ಕನ್ಸರ್ಟ್’, ಲಕ್ಷಗಟ್ಟಲೆ ಮಾರಾಟ ಆದ ರೆಕಾರ್ಡು. ನಂಗೆ ಇದು ಅಷ್ಟು ಬೇಗ ಹತ್ರ ಆಗಿದ್ದಕ್ಕೆ ಕಾರಣ ಇದೆ. ಸಾಮಾನ್ಯವಾಗಿ ಜಾಝ್‌ನಲ್ಲಿ ಕಾರ್ಡ್‌ಗಳು ಕಾಲ ಕೆಳಗಿನ ನೆಲ ಸರಿದ ಹಾಗೆ ಬದಲಾಗ್ತಾ ಇರುತ್ವೆ, ನಮ್ಮ ಕಿವಿಗೆ ತಂಬೂರಿ ಶ್ರುತಿ ಅಭ್ಯಾಸ ಆಗಿರೋದ್ರಿಂದ ಶುರುವಿಗೆ ಹಿಡಿತ ಸಿಗಲ್ಲ. ಇದರಲ್ಲಿ ನೆಲ ಒಂದೇ ಕಡೆ ನಿಲ್ಲುತ್ತೆ, ಅದರ ಮೇಲೆ ಅವ್ರು ಆಲಾಪನೆ ಥರ ಬೆಳೆಸ್ತಾರೆ. ಮೊದಲನೇ ಭಾಗಾನೇ 26 ನಿಮಿಷ, ಸುಸ್ತೇ ಆಗಲ್ಲ. ಮುಂದೆ ಅದೇ ವೆರಾ ಬ್ರಾಂಡೆಸ್ ಸ್ವಂತ ರೆಕಾರ್ಡ್ ಕಂಪನಿ ಕಟ್ಟಿದ್ರು, ಮರಿಯಾನೋ ಮತ್ತು ನಮ್ಮ ಬೆಂಗಳೂರಿನವ್ರು ಸೇರಿ ಮಾಡಿದ ‘ಲೈವ್’ ಬಂದಿದ್ದು ಅದರಲ್ಲೇ. ಇದನ್ನ ಓದಿದ ದಿನ ನಾನು ಆಫೀಸಿಂದ ಬರ್ತಾ ಸುಮ್ನೆ ಆ ಅಪೆರಾ ಹೌಸ್ ಮುಂದೆ ಹೋಗಿ ನಿಂತಿದ್ದೆ.

ಇಷ್ಟು ಓದಿದ ಮೇಲೆ ನಿಮಗೂ ಒಂದು ಹೆಸರು ನೆನಪಾಗಿರುತ್ತೆ, ನಮ್ಮ ಕದ್ರಿ ಗೋಪಾಲನಾಥ್. ನಾಗಸ್ವರದ ಮನೆತನ, ಅಪ್ಪ ನಾಗಸ್ವರ ವಿದ್ವಾಂಸರು. ಹುಡುಗ ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಬಿದ್ದ. ಗಮಕ ಅನ್ನೋದೇ ಹುಟ್ಟದ ಆ ಕೀಲಿ ವಾದ್ಯದಲ್ಲಿ ಗಮಕ ತರಿಸೋಕೆ ವರ್ಷಾನುಗಟ್ಟಲೆ ಸಾಧನೆ ಮಾಡಿದ್ರು. ನೋಡಿ, ಬಾಸ್ಟನ್‌ನ ಸ್ಯಾಕ್ಸ್‌ನವ್ರು ನಾಗಸ್ವರದ ಕಡೆ ಬಂದ್ರು, ದಕ್ಷಿಣ ಕನ್ನಡದ ನಾಗಸ್ವರದ ಮನೆ ಹುಡುಗ ಸ್ಯಾಕ್ಸ್ ಕಡೆ ಹೋದ್ರು. ಇದನ್ನ ಯೋಚಿಸಿದಾಗೆಲ್ಲಾ ನಂಗೆ ಮೈ ಜುಮ್ಮನ್ಸುತ್ತೆ. ಚಿಕ್ಕವಳಿದ್ದಾಗ ರಾಮನವಮಿ ಪೆಂಡಾಲಲ್ಲಿ ಅಪ್ಪನ ಪಕ್ಕ ಕೂತು ಕದ್ರಿಯವ್ರನ್ನ ಕೇಳಿದ್ದೀನಿ, ಪಾನಕ ಕೋಸಂಬರಿ ನೆನಪೇ ಜಾಸ್ತಿ, ಆದ್ರೆ ಥಳಥಳ ಜರಿ ಅಂಗಿ ಮತ್ತೆ ಆ ಹೊಳೆಯೋ ವಾದ್ಯ ಕಣ್ಣಿಗೆ ಕಟ್ಟಿದೆ.

ಕದ್ರಿಯವ್ರ ಜಾಝ್ ಆಲ್ಬಮ್ ಬೇಕಂದ್ರೆ 2008ರ ‘ಕಿನ್ಸ್‌ಮೆನ್’ ಕೇಳಿ. ಜೊತೆಗಿರೋದು ರುದ್ರೇಶ್ ಮಹಾಂತಪ್ಪ, ಅಪ್ಪ ಅಮ್ಮ ಕರ್ನಾಟಕದಿಂದ ಹೋದವ್ರು, ಇವ್ರು ಬೆಳೆದಿದ್ದು ಅಮೆರಿಕದ ಕೊಲೊರಾಡೋದಲ್ಲಿ, ಆಲ್ಟೋ ಸ್ಯಾಕ್ಸ್ ಜಾಝ್ ಕಲಾವಿದ. ಬರ್ಕ್ಲಿಯಲ್ಲಿ ಓದ್ತಿದ್ದಾಗ ಅಣ್ಣ ತಮಾಷೆಗೆ ಅಂತ ಕದ್ರಿಯವ್ರ ಒಂದು ಸಿಡಿ ಕೊಟ್ಟರಂತೆ, ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಬರ್ಕ್ಲಿ ಅಂದ್ರೆ ಮರಿಯಾನೋ ಒಂದು ಕಾಲದಲ್ಲಿ ಪಾಠ ಮಾಡಿದ್ದ ಅದೇ ಶಾಲೆ. ಆಲ್ಬಮ್‌ನಲ್ಲಿ ಎ. ಕನ್ಯಾಕುಮಾರಿ ಪಿಟೀಲು, ಪೂವಲೂರ್ ಶ್ರೀಜಿ ಮೃದಂಗ, ಜೊತೆಗೆ ಗಿಟಾರ್, ಬೇಸ್, ಡ್ರಮ್ಸ್ ಇದೆ. ಎರಡು ಆಲ್ಟೋ ಒಂದರ ಹಿಂದೆ ಒಂದು ಬರುವಾಗ ಯಾವ್ದು ಕದ್ರಿಯವ್ರದ್ದು ಯಾವ್ದು ರುದ್ರೇಶ್ ಅವ್ರದ್ದು ಅಂತ ಕಣ್ಣು ಮುಚ್ಚಿ ಹೇಳ್ಬಹುದು, ಕದ್ರಿಯವ್ರ ಸ್ವರ ಒಂದ್ರಿಂದ ಒಂದಕ್ಕೆ ಜಾರುತ್ತೆ, ರುದ್ರೇಶ್ ಅವ್ರದ್ದು ಚೂಪಾಗಿ ಕತ್ತರಿಸ್ಕೊಂಡು ಬರುತ್ತೆ. ನನ್ನಂಥ ಹೊರಗಿರೋರ ಮಕ್ಕಳಿಗೆ ಇದನ್ನ ಕೇಳಿಸ್ಬೇಕು ಅಂತ ನಂಗೆ ಆಸೆ.

ಹೋದ ತಿಂಗಳು ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ‘ಜ್ಯೋತಿ’ ಹಾಕ್ದೆ. ಫೋನ್‌ನ ಸ್ಪೀಕರಲ್ಲಿ ಎಷ್ಟು ಕೇಳ್ಸುತ್ತೋ ಅಷ್ಟೇ. ಅಪ್ಪ ಏನೂ ಮಾತಾಡ್ಲಿಲ್ಲ, ಕನ್ನಡಕ ತೆಗೆದಿಟ್ರು, ಕ್ಯಾಮೆರಾ ಸ್ವಲ್ಪ ಓರೆ ಇತ್ತು, ಮುಖ ಅರ್ಧ ಕಾಣ್ತಿತ್ತು, ಕೈ ಮಾತ್ರ ಪೂರ್ತಿ ಕಾಣ್ತಿತ್ತು, ಬೆರಳು ಮಡಚಿ ತಾಳ ಎಣಿಸ್ತಿದ್ರು. ಒಳಗಿಂದ ಅಮ್ಮ ಬಂದು “ಯಾರ್ರೀ ಅದು ಹಾಡ್ತಿರೋದು?” ಅಂದ್ರು. “ಶ್, ಕೂತ್ಕೋ,” ಅಂದ್ರು ಅಪ್ಪ, “ಬೆಂಗಳೂರಿನವ್ರಂತೆ, ಮಗಳು ಜರ್ಮನಿಯಿಂದ ಹಾಕಿದಾಳೆ.”

ಅಮ್ಮಾನೂ ಕೂತ್ರು. ಆ ಕಡೆ ಮುಗಿಯೋವರೆಗೂ ಮೂರೂ ಜನ ಸುಮ್ನೆ ಕೇಳಿದ್ವಿ, ಆಮೇಲೆ ನಾನು ರೆಕಾರ್ಡ್ ಮಗುಚಿ ಹಾಕ್ದೆ.