ತಿಸ್ರ್ಯೊ ಚಿಪ್ಪು, ಹೊಗೆ, ಪಿಎಚ್ ಮೀಟರು

ಗೋವಾದ ಮಡಗಾಂವ್ ಮಾರ್ಕೆಟ್ಟಿನ ತಿಸ್ರ್ಯೊ ಎಂಬ ಚಿಪ್ಪುಜೀವಿ ನಮ್ಮ ಉಡುಪಿ ಕಡೆಯ ಮರುವಾಯಿಯ ಬಳಗವೇ. ಅದರ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಹೊಗೆಯ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗ ಸಮುದ್ರಕ್ಕೆ ಸೇರಿ ಕಾರ್ಬೊನಿಕ್ ಆಮ್ಲವಾಗುತ್ತದೆ. ಅದರಿಂದ ಬಿಟ್ಟ ಹೈಡ್ರೋಜನ್ ಅಯಾನು ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಚಿಪ್ಪು ಕಟ್ಟುವ ಸರಕೇ ಕಡಿಮೆ. ಮರಿಗಳಿಗೆ ಪೆಟ್ಟು ಹೆಚ್ಚು.

ಪಿಎಚ್ ಎಂದರೆ ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಸಮುದ್ರದ ಮೇಲ್ಪದರದ ಸರಾಸರಿ ಪಿಎಚ್ 8.2ರಿಂದ 8.1ರ ಹತ್ತಿರಕ್ಕೆ ಇಳಿದಿದೆ. ಅಷ್ಟೇನಾ ಅನ್ನಬೇಡಿ: 0.1 ಇಳಿಕೆಯೆಂದರೆ ಹೈಡ್ರೋಜನ್ ಅಯಾನು ಸುಮಾರು ಶೇ 26 ಹೆಚ್ಚು.

ಅಳೆಯುವಲ್ಲೇ ಎಡವಟ್ಟು ಜಾಸ್ತಿ. ಮೀಟರು ಹೊಂದಿಸಲು ಬಳಸುವ, ಪಿಎಚ್ ಮೊದಲೇ ಗೊತ್ತಿರುವ ದ್ರಾವಣವೇ ಬಫರ್. ಅಂಗಡಿಯ 4, 7, 10ರ ಬಫರ್‌ಗಳಲ್ಲಿ ಉಪ್ಪು ಕಡಿಮೆ. ಅವುಗಳಲ್ಲಿ ಹೊಂದಿಸಿದ ಮೀಟರು ಸಮುದ್ರದ ನೀರಿನಲ್ಲಿ ತಪ್ಪು ಹೇಳುತ್ತದೆ. ಕೃತಕ ಸಮುದ್ರನೀರಿನಲ್ಲಿ ಮಾಡಿದ ಟ್ರಿಸ್ ಬಫರ್ ಬೇಕು, ಇಲ್ಲವೇ ಮೆಟಾಕ್ರೆಸಾಲ್ ಪರ್ಪಲ್ ಬಣ್ಣ ಹಾಕಿ ಬಣ್ಣದ ಬೆಳಕನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡಬೇಕು. ನೀರಿನ ಮಾದರಿ ಹಿಡಿಯುವಾಗ ನಳಿಕೆಯನ್ನು ಬಾಟಲಿಯ ತಳಕ್ಕಿಳಿಸಿ, ಗುಳ್ಳೆಯಿಲ್ಲದೆ ತುಂಬಿಸಿ, ಇನ್ನೊಂದು ಬಾಟಲಿಯಷ್ಟು ಉಕ್ಕಿ ಹರಿಯಲು ಬಿಡಿ. ಮಾದರಿಯನ್ನು ಇಟ್ಟು ಆಮೇಲೆ ನೋಡುವುದಾದರೆ 250 ಮಿಲಿಗೆ 50 ಮೈಕ್ರೋಲೀಟರ್ ಪರ್ಯಾಪ್ತ (ಇನ್ನು ಕರಗದಷ್ಟು ಕರಗಿಸಿದ) ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣ ಹಾಕಿ; ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ಉಸಿರಾಡಿ ಪಿಎಚ್ ಬದಲಿಸುತ್ತವೆ. ಮರ್ಕ್ಯುರಿಕ್ ಕ್ಲೋರೈಡ್ ಘೋರ ವಿಷ, ಕೈಗವಸು ತಪ್ಪಿಸಬೇಡಿ, ಸಿಂಕಿಗೆ ಸುರಿಯಬೇಡಿ. ಉಷ್ಣತೆ ಬರೆಯದ ಪಿಎಚ್‌ಗೆ ಬೆಲೆಯಿಲ್ಲ: ಒಂದು ಡಿಗ್ರಿಗೆ ಸುಮಾರು 0.015 ಸರಿಯುತ್ತದೆ.

ಗೋವಾದಲ್ಲಿ ಇನ್ನೊಂದು ತೊಡಕು. ಮಳೆಗಾಲದಲ್ಲಿ ಜುವಾರಿ ನದಿಯ ಸಿಹಿನೀರು ಸಮುದ್ರದ ಕ್ಷಾರತೆ, ಅಂದರೆ ಆಮ್ಲ ತಡೆಯುವ ಶಕ್ತಿ, ಇಳಿಸುತ್ತದೆ; ಮಳೆಗಾಲದ ಕೊನೆಗೆ ಕರಾವಳಿಯ ತಳದಲ್ಲಿ ಆಮ್ಲಜನಕ ಕಡಿಮೆಯಾದ, ಇಂಗಾಲದ ಡೈಆಕ್ಸೈಡ್ ತುಂಬಿದ ನೀರು ನಿಂತಿರುತ್ತದೆ. ಒಂದೇ ತಿಂಗಳ ಅಳತೆ ಹಿಡಿದು ಹೊಗೆಯನ್ನು ದೂರುವುದು ಅವಸರ.